ನಾಯಕನ ಎದುರಿಗೆ ನಿಂತ ನಟ: ಟಿ. ಎನ್. ಬಾಲಕೃಷ್ಣ

ಕನ್ನಡ ಚಲನಚಿತ್ರದ ಚರಿತ್ರೆಯನ್ನು ಬರೆದವರಲ್ಲಿ ಹೆಚ್ಚಿನವರು ಅದನ್ನು ನಾಯಕರ, ನಿರ್ದೇಶಕರ ಮತ್ತು ನಿರ್ಮಾಪಕರ ಚರಿತ್ರೆಯಾಗಿ ಬರೆದಿದ್ದಾರೆ. ಪೋಷಕ ನಟರ ಪ್ರಸ್ತಾಪ ಬಂದಾಗ ಒಂದು ಪ್ಯಾರಾದಲ್ಲಿ ಹತ್ತು ಹೆಸರುಗಳನ್ನು ಪೋಣಿಸಿ ಮುಂದೆ ಸಾಗುವುದು ವಾಡಿಕೆಯಾಗಿದೆ. ಪೋಷಕ ನಟನೆಂದರೆ ಕಥೆಯ ನಾಯಕ ನಾಯಕಿಯರ ಸುತ್ತ ಇರುವ ತಂದೆ, ಸೋದರಮಾವ, ಶಾನುಭೋಗ, ಸಾಹುಕಾರ, ಮಂತ್ರಿ, ಮನೆಯಾಳು, ಚಾಡಿಕೋರ ಮೊದಲಾದ ಪಾತ್ರಗಳನ್ನು ಚಿತ್ರದಿಂದ ಚಿತ್ರಕ್ಕೆ ವಹಿಸಿಕೊಂಡು ಬರುವ ನಟ. ನಾಯಕನಟನಿಗೆ ಅವನ ಹೆಸರೇ ಬಂಡವಾಳವಾಗಿರುತ್ತದೆ, ಏಕೆಂದರೆ ಆ ಹೆಸರನ್ನು ನಂಬಿ ಹಂಚಿಕೆದಾರ ಮುಂಗಡ ಹಣ ಕೊಡುತ್ತಾನೆ. ಪೋಷಕ ನಟನಿಗೆ ಅಂಥ ಬಂಡವಾಳವಿಲ್ಲದ ಕಾರಣ ಅವನ ಬದುಕು ಒಂದು ವ್ಯವಸ್ಥೆಯನ್ನು ಅವಲಂಬಿಸಿ ನಿಲ್ಲಬೇಕಾಗುತ್ತದೆ, ಮತ್ತು ಆ ವ್ಯವಸ್ಥೆ ಇಲ್ಲವಾದಾಗ ಅದನ್ನು ಅವನೇ ಕಟ್ಟಿಕೊಳ್ಳಬೇಕಾಗುತ್ತದೆ. ಅರಸೀಕೆರೆಯ ಟಿ. ಎನ್. ಬಾಲಕೃಷ್ಣ ಅವರ ಅರ್ಧ ಶತಮಾನದ ವೃತ್ತಿಜೀವನವನ್ನು ಈ ದೃಷ್ಟಿಯಿಂದ ನೋಡಿದರೆ, ಹಾಸ್ಯನಟನೊಬ್ಬನ ಯಶಸ್ಸಿನ ಕಥೆಯಾಗಿ ಸಾಮಾನ್ಯವಾಗಿ ಹೇಳಲಾಗುವ ಸಂಗತಿಗಳಿಗೆ ಬೇರೆಯೇ ಒಂದು ಅರ್ಥ ಬರುತ್ತದೆ.

ಬಾಲಕೃಷ್ಣ ಅವರ ಪಾತ್ರಗಳ ಬೇರು ಅವರಿಗಿಂತ ಹಿಂದಿನ ತಲೆಮಾರಿನಲ್ಲಿದೆ. 1934ರ ಮಾರ್ಚ್ 3ರಂದು ಬೆಂಗಳೂರಿನ ಪ್ಯಾರಾಮೌಂಟ್ ಚಿತ್ರಮಂದಿರದಲ್ಲಿ ತೆರೆಕಂಡ 'ಸತಿ ಸುಲೋಚನಾ', ಬಿಡುಗಡೆಯ ಲೆಕ್ಕದಲ್ಲಿ, ಕನ್ನಡದ ಮೊದಲ ವಾಕ್ಚಿತ್ರ. ಬೆಂಗಳೂರಿನ ವ್ಯಾಪಾರಿ ಚಮನ್‌ಲಾಲ್ ಡೂಂಗಾಜಿಯವರ ಬಂಡವಾಳದಿಂದ, ವೈ. ವಿ. ರಾವ್ ಅವರ ನಿರ್ದೇಶನದಲ್ಲಿ, ಕೊಲ್ಹಾಪುರದ ಛತ್ರಪತಿ ಸಿನಿಟೋನ್ ಸ್ಟುಡಿಯೊದಲ್ಲಿ ತಯಾರಾದ ಈ ಚಿತ್ರದಲ್ಲಿ ಇಂದ್ರಜಿತುವಾಗಿ ಎಂ. ವಿ. ಸುಬ್ಬಯ್ಯ ನಾಯ್ಡು ಅವರೂ ರಾವಣನಾಗಿ ಆರ್. ನಾಗೇಂದ್ರರಾಯರೂ ಅಭಿನಯಿಸಿದರು. ಇಬ್ಬರೂ ಶ್ರೀ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿಯ ಪಾಲುದಾರರಾಗಿದ್ದವರು. ನಾಟಕ ಕಂಪನಿಗಳಲ್ಲಿ ಪಾತ್ರಗಳನ್ನು 'ಪಾರ್ಟು'ಗಳೆಂದು ವಿಂಗಡಿಸುವ ಪದ್ಧತಿಯಿತ್ತು. ರಾಜನ ಪಾರ್ಟು, ಸ್ತ್ರೀ ಪಾರ್ಟು, ಹಾಸ್ಯದ ಪಾರ್ಟು ಎಂಬ ವರ್ಗಗಳಲ್ಲಿ ಯಾವುದಾದರೊಂದಕ್ಕೆ ನಟನನ್ನು ತರಬೇತುಗೊಳಿಸಿ, ಅವನ ಕಂಠ, ಮೈಕಟ್ಟು ಮತ್ತು ವಯಸ್ಸು ಹೊಂದುವವರೆಗೂ ಅದರಲ್ಲೇ ಉಳಿಸಿಕೊಳ್ಳಲಾಗುತ್ತಿತ್ತು. ಚಲನಚಿತ್ರ ಬಂದಾಗ ಈ ವಿಂಗಡಣೆ ಹಾಗೆಯೇ ತೆರೆಗೆ ಸಾಗಿಬಂತು, ಏಕೆಂದರೆ ಬಂದ ಕಥೆಗಳೂ ಬಂದ ನಟರೂ ಕಂಪನಿಯವೇ, ಕಂಪನಿಯವರೇ.

ಇಲ್ಲಿ ನಾಗೇಂದ್ರರಾಯರ ಇನ್ನೊಂದು ಪಾತ್ರವನ್ನು ಗಮನಿಸಬೇಕು. ಶೂದ್ರಕನ 'ಮೃಚ್ಛಕಟಿಕ'ವನ್ನು ಆಧರಿಸಿ 1941ರಲ್ಲಿ ಬಂದ 'ವಸಂತಸೇನಾ' ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು ಚಾರುದತ್ತನಾದರೆ ನಾಗೇಂದ್ರರಾಯರು ಶಕಾರನಾದರು. ಶಕಾರನು ರಾಜನ ಭಾವಮೈದುನ. ಅಧಿಕಾರದ ಮದವೂ ಪೆದ್ದುತನವೂ ಒಂದೇ ದೇಹದಲ್ಲಿ ಸೇರಿಕೊಂಡ, ನಗಿಸುತ್ತಲೇ ಕೊರಳಿಗೆ ಕೈಹಾಕಬಲ್ಲ ಮನುಷ್ಯ. ಸಂಸ್ಕೃತ ನಾಟಕದಲ್ಲಿಯೇ ಅಪರೂಪವಾದ ಈ ಮಿಶ್ರಣ ಕನ್ನಡ ಚಿತ್ರಕ್ಕೆ ಅಷ್ಟು ಬೇಗ ಬಂದದ್ದು ಮುಂದೆ ಬಹಳ ಫಲ ಕೊಟ್ಟಿತು. ಖಳನೂ ವಿದೂಷಕನೂ ಒಬ್ಬನೇ ಆಗಿರುವ ಪಾತ್ರಗಳಲ್ಲಿಯೇ ಬಾಲಕೃಷ್ಣ ತಮ್ಮ ಹೆಸರನ್ನು ಗಳಿಸಿದರು. ಕನ್ನಡ ಚಿತ್ರರಂಗದಲ್ಲಿ ಶಕಾರನ ನಿಜವಾದ ವಾರಸುದಾರರು ಅವರು ಎಂದರೆ ತಪ್ಪಾಗಲಾರದು.

ಬಾಲಕೃಷ್ಣ ಹುಟ್ಟಿದ್ದು 1910ರ ದಶಕದ ಮೊದಲ ವರ್ಷಗಳಲ್ಲಿ, ಹಾಸನ ಜಿಲ್ಲೆಯ ಅರಸೀಕೆರೆಯ ಬಡ ಕುಟುಂಬವೊಂದರಲ್ಲಿ. ಬಾಲ್ಯದಿಂದಲೂ ಅವರಿಗೆ ಕಿವಿ ಮಂದವಾಗಿತ್ತು. ಶಾಲೆಯ ಓದು ಹೆಚ್ಚು ಮುಂದುವರಿಯಲಿಲ್ಲ. ಬೋರ್ಡು ಬರೆಯುವುದೇ ಮೊದಲಾದ ಚಿಲ್ಲರೆ ಕೆಲಸಗಳಲ್ಲಿ ತೊಡಗಿ, ನಾಟಕದ ಸೆಳೆತದಿಂದ ಕಂಪನಿಗಳನ್ನು ಸೇರಿ, ರಂಗದ ಹಿಂದಿನ ಕೆಲಸಗಳನ್ನೂ ಮುಂದಿನ ಪಾರ್ಟುಗಳನ್ನೂ ಕಲಿತರು. ಅರಸೀಕೆರೆ, ತಿಪಟೂರು, ಗುಬ್ಬಿ ಮೂರೂ ಬೆಂಗಳೂರಿನಿಂದ ಹೊರಡುವ ಒಂದೇ ರೈಲುಹಾದಿಯ ಮೇಲಿನ ಊರುಗಳು. ಸಾಮಾನು, ಪರದೆ, ಕಲಾವಿದರನ್ನೆಲ್ಲ ರೈಲಿನಲ್ಲಿ ಸಾಗಿಸಿ ಊರಿಂದೂರಿಗೆ ಕ್ಯಾಂಪು ಹೂಡುತ್ತಿದ್ದ ಕಂಪನಿಗಳ ಕಾಲದಲ್ಲಿ ಆ ಹಾದಿಯ ಊರುಗಳಿಂದ ಇಷ್ಟೊಂದು ನಟರು ಬಂದದ್ದು ಕೇವಲ ಆಕಸ್ಮಿಕವಾಗಿರಲಿಕ್ಕಿಲ್ಲ: ಗುಬ್ಬಿ ವೀರಣ್ಣನವರ ಊರು ಗುಬ್ಬಿ, ನರಸಿಂಹರಾಜು ಅವರ ಊರು ತಿಪಟೂರು, ಬಾಲಕೃಷ್ಣ ಅವರದು ಅರಸೀಕೆರೆ.

ಬಾಲಕೃಷ್ಣ ಅವರ ಮೊದಲ ಚಿತ್ರ 1943ರ 'ರಾಧಾರಮಣ'. ನಟಿ ಎಂ. ವಿ. ರಾಜಮ್ಮನವರು ನಿರ್ಮಾಪಕಿಯಾದ ಚಿತ್ರವದು. ಮುಂದೆ ನಿರ್ದೇಶಕರಾಗಿ ಪ್ರಸಿದ್ಧರಾದ ಜಿ. ವಿ. ಅಯ್ಯರ್ ಅವರೂ ಅದರಲ್ಲಿಯೇ ಮೊದಲು ಬಣ್ಣ ಹಚ್ಚಿದರು. ಅದೇ ವರ್ಷ ನಾಗೇಂದ್ರರಾಯರು ನಿರ್ದೇಶಿಸಿದ 'ಸತ್ಯ ಹರಿಶ್ಚಂದ್ರ'ವೂ ಕೆ. ಹಿರಣ್ಣಯ್ಯನವರ 'ವಾಣಿ'ಯೂ ತೆರೆಕಂಡವು. ವರ್ಷಕ್ಕೆ ಎರಡೋ ಮೂರೋ ಚಿತ್ರಗಳು ತಯಾರಾಗುತ್ತಿದ್ದ ಭಾಷೆಯಲ್ಲಿ, ಅದೂ ಮಹಾಯುದ್ಧದಿಂದ ಕಚ್ಚಾ ಫಿಲ್ಮಿನ ಕೊರತೆ ಉಂಟಾಗಿ ಚಿತ್ರವೊಂದರ ಉದ್ದ 11,000 ಅಡಿಗಳನ್ನು, ಅಂದರೆ ಸುಮಾರು ಎರಡು ಗಂಟೆಗಳ ಅವಧಿಯನ್ನು ಮೀರಕೂಡದೆಂದು ಸರ್ಕಾರ ಮಿತಿ ಹಾಕಿದ್ದ ಕಾಲದಲ್ಲಿ, ಪೋಷಕ ನಟನೊಬ್ಬ ಸಿನಿಮಾವನ್ನೇ ನಂಬಿ ಜೀವನ ನಡೆಸುವುದು ಸಾಧ್ಯವೇ ಇರಲಿಲ್ಲ. ಉದ್ದ ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಉಪಕಥೆಗಳಿಗೆ, ಉಪಕಥೆಗಳೇ ಪೋಷಕ ನಟರ ಅನ್ನ. ಆದ್ದರಿಂದ 1940ರ ದಶಕದುದ್ದಕ್ಕೂ ಅಂಥ ನಟರಿಗೆ ಸಿನಿಮಾ ಆಗೊಮ್ಮೆ ಈಗೊಮ್ಮೆ ಬರುವ ಅತಿಥಿಯಾಗಿತ್ತು, ನಾಟಕ ಕಂಪನಿಯೇ ಮನೆಯಾಗಿತ್ತು. ಕಂಪನಿಯಲ್ಲಿ ಸಂಬಳ ಸಣ್ಣದಾದರೂ ಮಾಲೀಕನ ಅಡುಗೆಮನೆಯಲ್ಲಿ ಎಲ್ಲರಿಗೂ ಊಟವಿತ್ತು, ದನಿ ಹೋದ ಹಿರಿಯ ನಟನಿಗೂ ಒಂದು ಮೂಲೆಯಿತ್ತು ಎಂಬುದನ್ನು ಇಲ್ಲಿ ನೆನಪಿಡಬೇಕು.

ಕಿವಿ ಕೇಳದ ನಟ ವಾಕ್ಚಿತ್ರದಲ್ಲಿ ಹೇಗೆ ಅಭಿನಯಿಸಿದ ಎಂಬುದು ಬಾಲಕೃಷ್ಣ ಅವರ ವೃತ್ತಿಜೀವನದ ಕೇಂದ್ರ ಪ್ರಶ್ನೆ. ನಾಟಕದಲ್ಲಿ ಮಾತು ಮರೆತವನಿಗೆ ಸೈಡ್‌ವಿಂಗಿನಲ್ಲಿ ನಿಂತ ಪ್ರಾಂಪ್ಟರ್, ಅಂದರೆ ಮಾತನ್ನು ಪಿಸುಗುಟ್ಟಿ ನೆನಪಿಸುವವನು, ನೆರವಾಗುತ್ತಾನೆ. ಸ್ಟುಡಿಯೊದಲ್ಲಿಯೂ ಕ್ಯಾಮೆರಾದ ಆಚೆಯಿಂದ ಸಂಭಾಷಣೆ ಹೇಳಿಕೊಡುವ ಪದ್ಧತಿಯಿತ್ತು. ಬಾಲಕೃಷ್ಣ ಅವರಿಗೆ ಈ ಎರಡೂ ನೆರವು ಅಷ್ಟಾಗಿ ದಕ್ಕುವಂತಿರಲಿಲ್ಲ. ಅವರು ಎದುರಿನ ನಟನ ತುಟಿಯ ಚಲನೆಯನ್ನು ನೋಡಿ ಮಾತನ್ನು ಗ್ರಹಿಸುತ್ತಿದ್ದರು, ಅವನ ಮಾತು ಎಲ್ಲಿ ಮುಗಿಯುತ್ತದೆ ಎಂಬುದನ್ನು ಕಣ್ಣಿನಿಂದಲೇ ಅಳೆದು ತಮ್ಮ ಮಾತನ್ನು ಎತ್ತಿಕೊಳ್ಳುತ್ತಿದ್ದರು. ಈ ವಿಧಾನಕ್ಕೆ ತನ್ನ ಪಾರ್ಟಿನ ಮಾತು ಬಾಯಿಪಾಠವಾಗಿದ್ದರೆ ಸಾಲದು, ಎದುರಿನವನ ಮಾತೂ ಮನಸ್ಸಿನಲ್ಲಿರಬೇಕು. ಹಾಗಾಗಿ ಇಡೀ ಸೀನನ್ನೇ ಕಂಠಸ್ಥ ಮಾಡಿಕೊಳ್ಳುವ ಶಿಸ್ತು ಅಂಥ ನಟನಿಗೆ ಆಯ್ಕೆಯಲ್ಲ, ಅನಿವಾರ್ಯ.

ಇದರ ಪರಿಣಾಮ ತೆರೆಯ ಮೇಲೆ ಕಾಣುತ್ತದೆ. ಆ ಕಾಲದ ಕನ್ನಡ ಚಿತ್ರಗಳಲ್ಲಿ ನಟರು ಹೆಚ್ಚಾಗಿ ತಮ್ಮ ಸರದಿ ಬರುವವರೆಗೆ ಸುಮ್ಮನೆ ಕಾಯುತ್ತಾರೆ. ಎದುರಿನವನು ಮಾತನಾಡುವಾಗ ಅವರ ಮುಖ ಬಿಡುವಿನಲ್ಲಿರುತ್ತದೆ. ಬಾಲಕೃಷ್ಣ ಅವರ ಮುಖ ಆ ವೇಳೆಯಲ್ಲಿಯೇ ಅತ್ಯಂತ ಚುರುಕಾಗಿರುತ್ತದೆ. ಅವರ ಕಣ್ಣು ಎದುರಿನವನ ಮುಖದ ಮೇಲೆ ನೆಟ್ಟಿರುತ್ತದೆ, ಹುಬ್ಬು ಆ ಮಾತಿನ ಏರಿಳಿತವನ್ನು ಹಿಂಬಾಲಿಸುತ್ತದೆ, ಒಪ್ಪಿಗೆಯೋ ಸಂಶಯವೋ ದುರಾಸೆಯೋ ಮಾತು ಮುಗಿಯುವ ಮೊದಲೇ ತುಟಿಯ ಅಂಚಿನಲ್ಲಿ ಕಾಣಿಸಿಕೊಳ್ಳುತ್ತದೆ. ಬದುಕಿನಲ್ಲಿ ಕೇಳುವುದಕ್ಕಾಗಿ ನೋಡಬೇಕಾಗಿದ್ದ ಮನುಷ್ಯ, ತೆರೆಯ ಮೇಲೆ, ಕೇಳಿಸಿಕೊಳ್ಳುವ ಕ್ರಿಯೆಯನ್ನೇ ಅಭಿನಯವಾಗಿಸಿದರು. ಚಾಡಿಕೋರನ, ಕಪಟ ಸಲಹೆಗಾರನ, ಎರಡು ಮನೆಗಳ ನಡುವೆ ಬೆಂಕಿ ಹಚ್ಚುವವನ ಪಾತ್ರಗಳು ಅವರಿಗೆ ಅಷ್ಟು ಹೊಂದಿದ್ದಕ್ಕೆ ಇದೂ ಒಂದು ಕಾರಣವಿರಬೇಕು, ಏಕೆಂದರೆ ಅಂಥವರ ಕಸುಬೇ ಇನ್ನೊಬ್ಬರ ಮಾತಿಗೆ ಹೊಂಚುಹಾಕುವುದು.

ಅವರ ಮಾತುಗಾರಿಕೆಯೂ ಇದರೊಂದಿಗೆ ಸೇರಿದ್ದೇ. ಅಕ್ಷರಗಳನ್ನು ಬಿಡಿಬಿಡಿಯಾಗಿ ಉಚ್ಚರಿಸಿ, ವಾಕ್ಯದ ಕೊನೆಯನ್ನು ಎಳೆದು, ನಿರೀಕ್ಷೆಯಿಲ್ಲದ ಜಾಗದಲ್ಲಿ ದನಿಯನ್ನು ಇಳಿಸುವ ಅವರ ಶೈಲಿಯನ್ನು ಅನುಕರಣೆ ಮಾಡುವವರು ಇಂದಿಗೂ ಇದ್ದಾರೆ. ಆದರೆ ಅನುಕರಿಸುವವರು ದನಿಯನ್ನು ಹಿಡಿಯುತ್ತಾರೆಯೇ ಹೊರತು ಆ ದನಿಗೆ ಮುಂಚಿನ ನೋಟವನ್ನು ಹಿಡಿಯುವುದಿಲ್ಲ. ನರಸಿಂಹರಾಜು ಅವರೊಂದಿಗಿನ ಜೋಡಿಯಲ್ಲಿ ಈ ವ್ಯತ್ಯಾಸ ಸ್ಪಷ್ಟವಾಗಿ ತೋರುತ್ತದೆ. ನರಸಿಂಹರಾಜು ಅವರದು ಇಡೀ ಮೈಯ ಹಾಸ್ಯ: ಓಟ, ಬೀಳುವಿಕೆ, ಸಣಕಲು ದೇಹದ ತಿರುಚಾಟ. ಬಾಲಕೃಷ್ಣ ಅವರದು ನಿಂತಲ್ಲೇ ನಿಂತು ಮಾಡುವ ಹಾಸ್ಯ. ಒಬ್ಬರು ಚಲಿಸುತ್ತಿದ್ದರೆ ಇನ್ನೊಬ್ಬರು ಸ್ಥಿರವಾಗಿದ್ದುದರಿಂದ ಕ್ಯಾಮೆರಾವನ್ನು ಹೆಚ್ಚು ಕದಲಿಸದ ಆ ದಿನಗಳ ಚಿತ್ರೀಕರಣಕ್ಕೂ ಈ ಜೋಡಿ ಅನುಕೂಲವಾಗಿತ್ತು.

ಈ ಕೌಶಲವನ್ನು ಕೊಳ್ಳುವ ಮಾರುಕಟ್ಟೆ ಮಾತ್ರ ತೀರ ಚಿಕ್ಕದಾಗಿತ್ತು. 1954ರಲ್ಲಿ ಎಚ್. ಎಲ್. ಎನ್. ಸಿಂಹ ನಿರ್ದೇಶಿಸಿದ 'ಬೇಡರ ಕಣ್ಣಪ್ಪ' ಜಯಭೇರಿ ಹೊಡೆದು ರಾಜ್‌ಕುಮಾರ್ ಅವರನ್ನು ನಾಯಕರನ್ನಾಗಿಸಿತು, 1956ರಲ್ಲಿ ರಾಜ್ಯದ ಏಕೀಕರಣವಾಯಿತು. ಆದರೂ ಕನ್ನಡ ಚಿತ್ರಗಳು ಹೆಚ್ಚಾಗಿ ತಯಾರಾಗುತ್ತಿದ್ದುದು ಮದರಾಸಿನ ಸ್ಟುಡಿಯೊಗಳಲ್ಲಿ, ಅದೂ ತಮಿಳು ತೆಲುಗು ಚಿತ್ರಗಳ ನಡುವೆ ಫ್ಲೋರು ಖಾಲಿ ಸಿಕ್ಕಾಗ. ಫ್ಲೋರೆಂದರೆ ಸೆಟ್ಟು ಹಾಕಿ ಚಿತ್ರೀಕರಣ ನಡೆಸುವ ಒಳಾಂಗಣ. ಕನ್ನಡದ ಕಲಾವಿದರು ಮದರಾಸಿನಲ್ಲಿ ಬಾಡಿಗೆಗೆ ಇದ್ದುಕೊಂಡು ಕಾಲ್‌ಷೀಟಿಗಾಗಿ, ಅಂದರೆ ಇಂಥ ದಿನ ಇಂಥ ಹೊತ್ತಿಗೆ ಕೆಲಸಕ್ಕೆ ಬರಬೇಕೆಂಬ ಕರೆಗಾಗಿ, ವಾರಗಟ್ಟಲೆ ಕಾಯಬೇಕಾಗುತ್ತಿತ್ತು. ಹಾಲಿವುಡ್ಡಿನಲ್ಲಿ 1930ರ ದಶಕದಲ್ಲಿಯೇ ಸ್ಟುಡಿಯೊಗಳು ಪೋಷಕ ನಟರನ್ನು ಏಳು ವರ್ಷಗಳವರೆಗಿನ ಕರಾರಿನ ಮೇಲೆ ವಾರದ ಸಂಬಳಕ್ಕೆ ಇಟ್ಟುಕೊಳ್ಳುತ್ತಿದ್ದವು, 1936ರ ಚಿತ್ರಗಳಿಂದ ಆರಂಭಿಸಿ ಅವರಿಗೆಂದೇ ಪ್ರತ್ಯೇಕ ಆಸ್ಕರ್ ಪ್ರಶಸ್ತಿಯೂ ಬಂತು, ಅದನ್ನು ಮೊದಲು ಪಡೆದ ವಾಲ್ಟರ್ ಬ್ರೆನ್ನನ್ ಮುಂದೆ ಇನ್ನೆರಡು ಬಾರಿ ಪಡೆದ. ಮದರಾಸಿನ ಜೆಮಿನಿ, ಸೇಲಂನ ಮಾಡರ್ನ್ ಥಿಯೇಟರ್ಸ್ ಸಂಸ್ಥೆಗಳಲ್ಲಿಯೂ ತಿಂಗಳ ಸಂಬಳದ ಕಲಾವಿದರಿದ್ದರು. ಕನ್ನಡಕ್ಕೆ ಅಂಥ ಸಂಸ್ಥೆಯೇ ಇರಲಿಲ್ಲ. ಭಾರತ ಸರ್ಕಾರ ಪೋಷಕ ನಟನಿಗೆ ರಾಷ್ಟ್ರಪ್ರಶಸ್ತಿ ಕೊಡಲು ಆರಂಭಿಸಿದ್ದು 1984ರ ಚಿತ್ರಗಳಿಂದ. ಅಷ್ಟು ಹೊತ್ತಿಗೆ ಬಾಲಕೃಷ್ಣ ಎಪ್ಪತ್ತರ ಗಡಿ ದಾಟಿದ್ದರು.

ಈ ಕೊರತೆಗೆ 1950ರ ದಶಕದ ಕೊನೆಯಲ್ಲಿ ರಾಜ್‌ಕುಮಾರ್, ಬಾಲಕೃಷ್ಣ, ನರಸಿಂಹರಾಜು ಮತ್ತು ಜಿ. ವಿ. ಅಯ್ಯರ್ ಸೇರಿ ಕಂಡುಕೊಂಡ ಉತ್ತರವೆಂದರೆ ಕನ್ನಡ ಚಲನಚಿತ್ರ ಕಲಾವಿದರ ಸಂಘ. ಚಿತ್ರಗಳು ವಿರಳವಾದ ಆ ದಿನಗಳಲ್ಲಿ ಸಂಘದ ಕಲಾವಿದರು ಕರ್ನಾಟಕದ ಊರೂರುಗಳಲ್ಲಿ ನಾಟಕಗಳನ್ನು ಆಡಿದರು. ಹೀಗೆ ಕೂಡಿದ ಬಲದಿಂದ ತಾವೇ ನಿರ್ಮಾಪಕರಾಗಿ ಎನ್. ಸಿ. ರಾಜನ್ ಅವರ ನಿರ್ದೇಶನದಲ್ಲಿ 'ರಣಧೀರ ಕಂಠೀರವ'ವನ್ನು ತಯಾರಿಸಿ 1960ರಲ್ಲಿ ತೆರೆಗೆ ತಂದರು. ಹದಿನೇಳನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಿಂದ ಆಳಿದ ಕಂಠೀರವ ನರಸರಾಜ ಒಡೆಯರ ಕಥೆಯಿದು. ಚಿತ್ರ ಗೆದ್ದಿತು. ಈ ಘಟನೆಯನ್ನು ಕನ್ನಡಾಭಿಮಾನದ ಪ್ರಸಂಗವಾಗಿ ನೆನೆಯುವುದು ವಾಡಿಕೆ, ಅದು ಸರಿಯೂ ಹೌದು. ಆದರೆ ಸಂಘದ ನಾಲ್ವರಲ್ಲಿ ಒಬ್ಬರು ಮಾತ್ರ ನಾಯಕನಟರು, ಉಳಿದ ಮೂವರೂ ಪೋಷಕ ನಟರು ಎಂಬ ಸಂಗತಿಯನ್ನು ಅಷ್ಟಾಗಿ ಯಾರೂ ಗಮನಿಸಿದಂತಿಲ್ಲ. ನಾಯಕನಿಗೆ ಬೇರೆ ಭಾಷೆಯಿಂದಲಾದರೂ ಕರೆ ಬರಬಹುದಿತ್ತು. ಮಾತಿನ ವರಸೆಯನ್ನೇ ನಂಬಿದ ಹಾಸ್ಯನಟನಿಗೆ ಭಾಷೆ ಬಿಟ್ಟರೆ ಹೋಗಲು ಜಾಗವಿರಲಿಲ್ಲ, ತುಟಿ ನೋಡಿ ಮಾತು ಗ್ರಹಿಸುವ ಬಾಲಕೃಷ್ಣ ಅವರಿಗಂತೂ ತಿಳಿಯದ ಭಾಷೆಯ ತುಟಿಗಳು ಮುಚ್ಚಿದ ಪುಸ್ತಕ. ಹಾಗಾಗಿ ಸಂಘವು ಹೆಚ್ಚಾಗಿ ಬೇಕಾಗಿದ್ದದ್ದು ಪೋಷಕ ನಟರಿಗೇ, ಮತ್ತು ಅದರ ಸ್ವರೂಪ, ಅಂದರೆ ಒಟ್ಟಿಗೆ ತಿರುಗಾಟ, ಒಟ್ಟಿಗೆ ಆಟ, ಕೂಡಿದ ಹಣದಿಂದ ಮುಂದಿನ ಕೆಲಸ ಎಂಬುದು, ಹಳೆಯ ನಾಟಕ ಕಂಪನಿಯದೇ. ಮಾಲೀಕ ಮಾತ್ರ ಇರಲಿಲ್ಲ.

ಸಂಘದ ಚಿತ್ರ ಗೆದ್ದ ಮೇಲೆ ನಾಲ್ವರೂ ತಮ್ಮ ತಮ್ಮ ದಾರಿ ಹಿಡಿದರು. ಅಯ್ಯರ್ 1962ರಲ್ಲಿ 'ಭೂದಾನ'ವನ್ನು ನಿರ್ದೇಶಿಸಿ, ಮುಂದೆ ಪೂರ್ತಿಯಾಗಿ ನಿರ್ದೇಶಕರಾಗಿ, 1983ರಲ್ಲಿ ಸಂಸ್ಕೃತದ ಮೊದಲ ಚಲನಚಿತ್ರವಾದ 'ಆದಿ ಶಂಕರಾಚಾರ್ಯ'ದವರೆಗೆ ನಡೆದರು. ನರಸಿಂಹರಾಜು 1974ರಲ್ಲಿ 'ಪ್ರೊಫೆಸರ್ ಹುಚ್ಚೂರಾಯ'ದ ನಿರ್ಮಾಪಕರಾದರು. ಬಾಲಕೃಷ್ಣ 1963ರಲ್ಲಿ 'ಕಲಿತರೂ ಹೆಣ್ಣೇ' ಚಿತ್ರವನ್ನು ನಿರ್ಮಿಸಿದರು, ಆದರೆ ಅವರ ಗಮನ ಚಿತ್ರಕ್ಕಿಂತ ಹೆಚ್ಚಾಗಿ ಚಿತ್ರ ತಯಾರಾಗುವ ಜಾಗದ ಕಡೆಗಿತ್ತು. ಬೆಂಗಳೂರಿನ ಕೆಂಗೇರಿ ಮತ್ತು ಉತ್ತರಹಳ್ಳಿಯ ನಡುವೆ ಸರ್ಕಾರದಿಂದ ದೊರೆತ ಸುಮಾರು 20 ಎಕರೆ ನೆಲದಲ್ಲಿ ಅವರು 1960ರ ದಶಕದಲ್ಲಿ ಅಭಿಮಾನ್ ಸ್ಟುಡಿಯೊವನ್ನು ಸ್ಥಾಪಿಸಿದರು. ಮೈಸೂರಿನಲ್ಲಿ ಆಗಲೇ ಪ್ರೀಮಿಯರ್ ಸ್ಟುಡಿಯೊ ಇತ್ತು, ಬೆಂಗಳೂರಿನಲ್ಲಿ ಕಂಠೀರವ ಸ್ಟುಡಿಯೊ ಇದೇ ದಶಕದಲ್ಲಿ ತಲೆಯೆತ್ತಿತು. ಇವುಗಳನ್ನು ಕಟ್ಟಿದವರು ಉದ್ಯಮಿಗಳು ಮತ್ತು ಸರ್ಕಾರ. ನಟನೊಬ್ಬ, ಅದರಲ್ಲೂ ಪೋಷಕ ನಟನೊಬ್ಬ, ಸ್ಟುಡಿಯೊ ಕಟ್ಟಲು ಹೊರಟದ್ದು ಲೆಕ್ಕಾಚಾರಕ್ಕೆ ಮೀರಿದ ಸಾಹಸ. ಆದರೆ ಅದರ ಹಿಂದಿನ ತರ್ಕ ಸ್ಪಷ್ಟವಾಗಿದೆ: ಕನ್ನಡ ಚಿತ್ರಗಳು ಮದರಾಸಿನ ಫ್ಲೋರು ಖಾಲಿಯಾಗುವುದನ್ನು ಕಾಯುವವರೆಗೆ ಕನ್ನಡದ ಕಲಾವಿದನೂ ಕಾಯುತ್ತಲೇ ಇರಬೇಕು.

ಯೋಜನೆ ಸರಿಯಾಗಿತ್ತು, ಕಾಲ ಕೈಕೊಟ್ಟಿತು. ರಾಜ್ಯದಲ್ಲಿಯೇ ತಯಾರಾದ ಚಿತ್ರಗಳಿಗೆ ಸರ್ಕಾರದ ಸಹಾಯಧನ ಬಂದು ಚಿತ್ರರಂಗವೇನೋ ಬೆಂಗಳೂರಿನ ಕಡೆಗೆ ಹೊರಳಿತು, ಆದರೆ ಅದೇ ಹೊತ್ತಿಗೆ ಚಿತ್ರೀಕರಣವೇ ಸ್ಟುಡಿಯೊದಿಂದ ಹೊರಗೆ ಹೊರಟಿತು. 1970ರಲ್ಲಿ ಬಂದ 'ಸಂಸ್ಕಾರ' ಶೃಂಗೇರಿಯ ಬಳಿಯ ವೈಕುಂಠಪುರವೆಂಬ ಹಳ್ಳಿಯಲ್ಲಿ ಚಿತ್ರಿತವಾಯಿತು; ಹೊಸ ಅಲೆಯ ಚಿತ್ರಗಳು ಹಣದ ಅಭಾವದಿಂದಲೂ ನಂಬಿಕೆಯಿಂದಲೂ ಸೆಟ್ಟುಗಳನ್ನು ಬಿಟ್ಟರೆ, ಜನಪ್ರಿಯ ಚಿತ್ರಗಳು ಮಲೆನಾಡಿನ ಹಸಿರನ್ನು ಬಣ್ಣದಲ್ಲಿ ತೋರಿಸುವ ಹುರುಪಿನಲ್ಲಿ ಬಿಟ್ಟವು. ನಿಜವಾದ ಮನೆ, ನಿಜವಾದ ಊರು ಬಾಡಿಗೆಗೆ ಸಿಗುವಾಗ ಫ್ಲೋರಿನ ಬೇಡಿಕೆ ಇಳಿಯುವುದು ಸಹಜ. ಸ್ಟುಡಿಯೊ ಬಾಲಕೃಷ್ಣ ಅವರ ದುಡಿಮೆಯನ್ನು ನುಂಗಿತು, ಸಾಲದ ಹೊರೆಯನ್ನೂ ಹೊರಿಸಿತು. ಅವರು ಅಭಿನಯಿಸುತ್ತಲೇ ಇರಬೇಕಾಯಿತು. ಐದು ದಶಕಗಳಲ್ಲಿ 500ಕ್ಕೂ ಹೆಚ್ಚು ಚಿತ್ರಗಳೆಂಬ ಅವರ ಲೆಕ್ಕವನ್ನು ಸಾಧನೆಯ ಅಂಕಿಯಾಗಿ ಉಲ್ಲೇಖಿಸುವಾಗ, ಮೊದಲ ಹದಿನೈದು ವರ್ಷಗಳಲ್ಲಿ ಕನ್ನಡ ಚಿತ್ರಗಳೇ ಕಡಿಮೆಯಿದ್ದವು, ಆದ್ದರಿಂದ ಆ ಸಂಖ್ಯೆಯ ಬಹುಪಾಲು ಅವರ ಐವತ್ತನೆಯ ವಯಸ್ಸಿನ ಆಚೀಚೆಯ ಮತ್ತು ನಂತರದ ದುಡಿಮೆ ಎಂಬುದನ್ನೂ ಜೊತೆಗೆ ಹೇಳಬೇಕು. ಕೆಲವು ಪಾತ್ರಗಳಲ್ಲಿ ಹಳೆಯ ಸರಕನ್ನೇ ಮತ್ತೆ ಮತ್ತೆ ಬಿಚ್ಚಿದಂತೆ ಕಾಣುವುದು ಇದರಿಂದಲೇ. ಆ ದೋಷವನ್ನು ಅಲ್ಲಗಳೆಯಬೇಕಾದ ಅಗತ್ಯವಿಲ್ಲ.

ಇಷ್ಟಾಗಿಯೂ ಅವರ ಅತ್ಯುತ್ತಮ ಕೆಲಸಗಳಲ್ಲೊಂದು ಬಂದದ್ದು ಈ ಘಟ್ಟದಲ್ಲಿಯೇ. ಟಿ. ಕೆ. ರಾಮರಾಯರ ಕಾದಂಬರಿಯನ್ನು ಆಧರಿಸಿ ಸಿದ್ದಲಿಂಗಯ್ಯನವರು ನಿರ್ದೇಶಿಸಿದ, 1972ರ 'ಬಂಗಾರದ ಮನುಷ್ಯ'ದಲ್ಲಿ ಬಾಲಕೃಷ್ಣ ರಾಚೂಟಪ್ಪನಾದರು. ಬಂಜರು ನೆಲವನ್ನು ಹಸನು ಮಾಡಲು ಹೊರಟ ರಾಜೀವನಿಗೆ, ಅಂದರೆ ರಾಜ್‌ಕುಮಾರ್ ಅವರ ಪಾತ್ರಕ್ಕೆ, ಬೆಂಬಲವಾಗಿ ನಿಲ್ಲುವ ಹಳ್ಳಿಯ ಹಿರಿಯನ ಪಾತ್ರವದು. ಎರಡು ದಶಕಗಳ ಕಾಲ ಬಾಲಕೃಷ್ಣ ತೆರೆಯ ಮೇಲೆ ಬಂದರೆ ಏನೋ ಕಿತಾಪತಿ ಕಾದಿದೆ ಎಂದು ತಿಳಿದಿದ್ದ ಪ್ರೇಕ್ಷಕ ಇಲ್ಲಿ ಅದೇ ಮುಖವನ್ನು, ಅದೇ ನೆಟ್ಟ ನೋಟವನ್ನು ನಂಬಬೇಕಾಯಿತು. ನೋಡುವ ರೀತಿಯನ್ನು ಬಾಲಕೃಷ್ಣ ಬದಲಿಸಲಿಲ್ಲ. ಹೊಂಚಿನ ನೋಟವಾಗಿದ್ದದ್ದು ಕಾಳಜಿಯ ನೋಟವಾಯಿತು, ಅಷ್ಟೇ. ಇಂದು ಈ ಚಿತ್ರವನ್ನು ಮೊಬೈಲಿನಲ್ಲಿ ನೋಡುವ ಎಳೆಯರಿಗೆ ಹಿಂದಿನ ಪಾತ್ರಗಳ ನೆನಪಿರುವುದಿಲ್ಲವಾದ್ದರಿಂದ ರಾಚೂಟಪ್ಪ ಮೊದಲಿನಿಂದಲೂ ಒಳ್ಳೆಯವನೇ ಆಗಿ ಕಾಣುತ್ತಾನೆ. 1972ರ ಪ್ರೇಕ್ಷಕ ಪಡೆದ ಸಣ್ಣ ಅಚ್ಚರಿ ಬೇಕಾದವರು 1960ರ ದಶಕದ ಒಂದೆರಡು ಚಿತ್ರಗಳನ್ನು ಮೊದಲು ನೋಡಿ ಅನಂತರ ಇದಕ್ಕೆ ಬರುವುದು ಒಳ್ಳೆಯದು.

ಇದಕ್ಕೆ ಹೋಲಿಸಬಹುದಾದ ತಿರುವು ನಾಗೇಂದ್ರರಾಯರ ಬದುಕಿನಲ್ಲಿಯೂ ಕಂಡುಬರುತ್ತದೆ. 1934ರಲ್ಲಿ ರಾವಣನಾಗಿದ್ದವರು 1968ರಲ್ಲಿ, ತ್ರಿವೇಣಿಯವರ ಕಾದಂಬರಿಯನ್ನು ಆಧರಿಸಿದ 'ಹಣ್ಣೆಲೆ ಚಿಗುರಿದಾಗ' ಚಿತ್ರದಲ್ಲಿ ಸಂಪ್ರದಾಯದ ಬಿಗಿಯನ್ನು ಸಡಿಲಿಸಲು ಕಲಿಯುವ ವೃದ್ಧ ತಂದೆಯಾದರು. ಆದರೆ ನಾಗೇಂದ್ರರಾಯರು ಕಂಪನಿಯ ಪಾಲುದಾರರೂ ನಿರ್ದೇಶಕರೂ ಸ್ವಂತ ಸಂಸ್ಥೆಯ ನಿರ್ಮಾಪಕರೂ ಆಗಿದ್ದುದರಿಂದ, ಅವರ ಗೀತರಚನಕಾರ, ಛಾಯಾಗ್ರಾಹಕ ಮತ್ತು ನಟರಾದ ಮೂವರು ಮಕ್ಕಳೂ ಚಿತ್ರರಂಗದಲ್ಲಿಯೇ ನೆಲೆಗೊಂಡುದರಿಂದ, ಅವರ ಮುಪ್ಪಿಗೆ ಒಂದು ಆಸರೆಯಿತ್ತು. ಬಾಲಕೃಷ್ಣ ಕಟ್ಟಿಕೊಂಡ ಆಸರೆಯನ್ನು ಅವರೇ ತಮ್ಮ ದುಡಿಮೆಯಿಂದ ಹೊರಬೇಕಾಗಿತ್ತು. 1990ರ ದಶಕದವರೆಗೂ ಅವರು ಬಣ್ಣ ಹಚ್ಚುತ್ತಲೇ ಇದ್ದು, 1995ರ ಜುಲೈ 19ರಂದು, ಎಂಬತ್ತು ದಾಟಿದ ವಯಸ್ಸಿನಲ್ಲಿ, ಕೊನೆಯುಸಿರೆಳೆದರು. ಜೊತೆಯಲ್ಲಿ ಸಂಘ ಕಟ್ಟಿದವರ ಪೈಕಿ ನರಸಿಂಹರಾಜು 1979ರಲ್ಲಿಯೇ ಹೋಗಿದ್ದರು. ಅಯ್ಯರ್ 2003ರವರೆಗೆ, ರಾಜ್‌ಕುಮಾರ್ 2006ರವರೆಗೆ ಬದುಕಿದ್ದರು.